ರಫ್ತು: ಪಾಠಶಾಲೆಯೋ, ಪರೀಕ್ಷೆಯೋ?

ಒಂದೇ ಬಗೆಯ ಸರಕು ತಯಾರಿಸುವ ಕಾರ್ಖಾನೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಹೊರದೇಶಕ್ಕೆ ಮಾಲು ಕಳಿಸುವವು ಸಾಮಾನ್ಯವಾಗಿ ಉಳಿದವಕ್ಕಿಂತ ದೊಡ್ಡವಾಗಿರುತ್ತವೆ. ಅವುಗಳಲ್ಲಿ ತಲಾ ಬಂಡವಾಳ ಹೆಚ್ಚು, ಸಂಬಳ ತುಸು ಮೇಲು, ಒಬ್ಬ ಕೆಲಸಗಾರನಿಂದ ಹೊರಬರುವ ಮೌಲ್ಯವೂ ಹೆಚ್ಚು. ಆಂಡ್ರ್ಯೂ ಬರ್ನಾರ್ಡ್ ಮತ್ತು ಬ್ರಾಡ್‌ಫರ್ಡ್ ಜೆನ್ಸನ್ 1990ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳ ಅಂಕಿಅಂಶಗಳಿಂದ ಈ ಅಂತರವನ್ನು ಎತ್ತಿ ತೋರಿಸಿದ ಮೇಲೆ ಹತ್ತಾರು ದೇಶಗಳಲ್ಲಿ ಅದೇ ಲೆಕ್ಕ ನಡೆಯಿತು. ಬಹುತೇಕ ಎಲ್ಲ ಕಡೆಯೂ ಚಿತ್ರ ಒಂದೇ. ರಫ್ತು ಮಾಡುವುದು ಎಷ್ಟು ಅಪರೂಪದ ಕೆಲಸವೆಂಬುದೂ ಇದೇ ಅಧ್ಯಯನಗಳಿಂದ ಗೊತ್ತಾಯಿತು. 2002ರಲ್ಲಿ ಅಮೆರಿಕದ ತಯಾರಿಕಾ ಸಂಸ್ಥೆಗಳಲ್ಲಿ ರಫ್ತು ಮಾಡುತ್ತಿದ್ದವು ಸುಮಾರು ಶೇ 18 ಮಾತ್ರ. ಎಲ್ಲ ವಲಯಗಳನ್ನೂ ಸೇರಿಸಿದರೆ, 2000ದಲ್ಲಿ ಅಲ್ಲಿದ್ದ 55 ಲಕ್ಷ ಸಂಸ್ಥೆಗಳಲ್ಲಿ ರಫ್ತುದಾರರು ಶೇ 4ರಷ್ಟು; ಅವರಲ್ಲೂ ಮೇಲಿನ ಹತ್ತನೇ ಒಂದು ಭಾಗದವರೇ ದೇಶದ ಒಟ್ಟು ರಫ್ತಿನ ಶೇ 96ರಷ್ಟನ್ನು ಸಾಗಿಸುತ್ತಿದ್ದರು.

ಈ ಅಂತರದಿಂದ ಹುಟ್ಟಿದ ಜನಪ್ರಿಯ ನಂಬಿಕೆ ಹೀಗಿದೆ: ರಫ್ತು ಮಾಡುವುದರಿಂದಲೇ ಕಾರ್ಖಾನೆ ಆಧುನಿಕವಾಗುತ್ತದೆ. ಮಾತಿನಲ್ಲಿ ತೂಕವಿಲ್ಲದಿಲ್ಲ. ಹೊರಗಿನ ಮಾರುಕಟ್ಟೆಯಲ್ಲಿ ಪೈಪೋಟಿ ಬಿರುಸು; ಹಳೆಯ ಯಂತ್ರ ಇಟ್ಟುಕೊಂಡು ಅಲ್ಲಿ ಉಳಿಯುವುದು ಕಷ್ಟ. ಹೊರದೇಶದ ಖರೀದಿದಾರ ಅಳತೆ, ಗುಣಮಟ್ಟ, ಗಡುವುಗಳ ವಿಷಯದಲ್ಲಿ ಬಿಗಿ. ಅವನ ತಪಾಸಣೆಗಾರ ಬಂದು ತಪ್ಪು ತೋರಿಸಿದಾಗ ತಿದ್ದಿಕೊಳ್ಳದೆ ವಿಧಿಯಿಲ್ಲ. ಮಾರುಕಟ್ಟೆ ಹಿಗ್ಗಿದರೆ ಉತ್ಪಾದನೆಯ ಪ್ರಮಾಣ ಏರಿ ಪ್ರತಿ ನಗದ ವೆಚ್ಚ ಇಳಿಯುತ್ತದೆ. ಇದಕ್ಕೆಲ್ಲ ಸಾಕ್ಷಿಯಾಗಿ ದಕ್ಷಿಣ ಕೊರಿಯಾ ಮತ್ತು ತೈವಾನ್‌ಗಳ ಏಳಿಗೆ ಕಣ್ಣೆದುರಿಗಿದೆ. ಆದ್ದರಿಂದ ರಫ್ತಿಗೆ ಉತ್ತೇಜನ ಕೊಟ್ಟರೆ ತಂತ್ರಜ್ಞಾನವೂ ದಕ್ಷತೆಯೂ ತಾವಾಗಿ ಹಿಂಬಾಲಿಸುತ್ತವೆ ಎಂಬುದು ಈ ವಾದದ ತೀರ್ಮಾನ. ವಾದದ ಬಿಡಿ ಮಾತುಗಳಲ್ಲಿ ಹೆಚ್ಚಿನವು ನಿಜವೇ. ತೊಡಕು ಇರುವುದು ಅವನ್ನು ಪೋಣಿಸಿದ ರೀತಿಯಲ್ಲಿ. ಜಾಣ ವಿದ್ಯಾರ್ಥಿಗಳೇ ತುಂಬಿರುವ ಶಾಲೆಯನ್ನು ಕಂಡು ಜಾಣತನವೆಲ್ಲ ಶಾಲೆಯದೇ ಕೊಡುಗೆ ಎಂದುಬಿಟ್ಟರೆ, ಆ ಶಾಲೆಗೆ ಪ್ರವೇಶ ಪರೀಕ್ಷೆ ಇದೆಯೆಂಬುದನ್ನು ಮರೆತಂತಾಗುತ್ತದೆ.

ರಫ್ತಿಗೂ ಕಾರ್ಖಾನೆಯ ಒಳಗಿನ ತಂತ್ರಜ್ಞಾನಕ್ಕೂ ಕನಿಷ್ಠ ಮೂರು ಬಗೆಯ ನಂಟು ಸಾಧ್ಯ. ಮೂರೂ ಹೊರನೋಟಕ್ಕೆ ಒಂದೇ ರೀತಿ ಕಾಣುತ್ತವೆ. ಒಳಗಿನ ಕಾರಣಗಳು ಬೇರೆಬೇರೆ.

1. ಆಯ್ಕೆ. ಮೊದಲೇ ಸಮರ್ಥವಾಗಿದ್ದ ಕಾರ್ಖಾನೆಗಳು ಮಾತ್ರ ರಫ್ತಿಗೆ ಇಳಿಯುತ್ತವೆ. ಇಲ್ಲಿ ರಫ್ತು ಒಂದು ಪರೀಕ್ಷೆ: ಇರುವ ಸಾಮರ್ಥ್ಯವನ್ನು ಅದು ಬಯಲಿಗೆ ತರುತ್ತದೆ, ಹೊಸದೇನನ್ನೂ ಕೊಡುವುದಿಲ್ಲ.

2. ಜೋಡಿ ನಿರ್ಧಾರ. ಹೊರಗಿನ ಮಾರುಕಟ್ಟೆ ತೆರೆದುಕೊಂಡಿದೆ ಎಂದು ತಿಳಿದಾಗ ಕಾರ್ಖಾನೆ ಹೊಸ ಯಂತ್ರವನ್ನೂ ಹೊಸ ಮಾರುಕಟ್ಟೆಯನ್ನೂ ಒಟ್ಟಿಗೆ ಆರಿಸಿಕೊಳ್ಳುತ್ತದೆ. ಪರೀಕ್ಷೆಯ ದಿನ ಗೊತ್ತಾದ ಮೇಲೆ ಓದಲು ಕೂತಂತೆ.

3. ಕಲಿಕೆ. ರಫ್ತು ಶುರುವಾದ ಮೇಲೆ, ಆ ವ್ಯವಹಾರದ ಮೂಲಕವೇ, ಮೊದಲು ಗೊತ್ತಿರದ ಜ್ಞಾನ ಒಳಗೆ ಬರುತ್ತದೆ. ಇಲ್ಲಿ ಮಾತ್ರ ರಫ್ತು ನಿಜಕ್ಕೂ ಪಾಠಶಾಲೆ.

ಜನಪ್ರಿಯ ನಂಬಿಕೆ ಈ ಮೂರನ್ನೂ ಮೂರನೆಯದರ ಖಾತೆಗೇ ಜಮಾ ಮಾಡುತ್ತದೆ. ಒಂದೊಂದನ್ನೂ ಬಿಡಿಸಿ ನೋಡಬೇಕಾಗಿರುವುದು ಅದಕ್ಕಾಗಿಯೇ.

ಮೊದಲಿಗೆ ಆಯ್ಕೆ. ಹೊರದೇಶಕ್ಕೆ ಮಾರಲು ಹೊರಡುವ ಕಾರ್ಖಾನೆ ಒಂದೂ ಮಾಲು ಕಳಿಸುವ ಮುನ್ನವೇ ಖರ್ಚಿಗೆ ಇಳಿಯಬೇಕು: ಖರೀದಿದಾರನನ್ನು ಹುಡುಕಬೇಕು, ಮಾದರಿ ಕಳಿಸಬೇಕು, ಆ ದೇಶದ ಮಾನದಂಡಕ್ಕೆ ಹೊಂದುವ ಪ್ರಮಾಣಪತ್ರ ಪಡೆಯಬೇಕು, ಪ್ಯಾಕಿಂಗ್ ಬದಲಿಸಬೇಕು, ದಾಖಲೆಪತ್ರಗಳ ಜಾಲ ಅರಿತವರನ್ನು ನೇಮಿಸಬೇಕು. ವ್ಯಾಪಾರ ಕುದುರದಿದ್ದರೆ ಈ ಹಣ ಹಿಂದಿರುಗುವುದಿಲ್ಲ. ಇಂಥ ಮುಂಗಡ ಖರ್ಚನ್ನು ತಾಳಿಕೊಳ್ಳಬಲ್ಲವು ಆಗಲೇ ಕಡಿಮೆ ವೆಚ್ಚದಲ್ಲಿ ಹೆಚ್ಚು ತಯಾರಿಸುತ್ತಿರುವ ಕಾರ್ಖಾನೆಗಳು. ಸೋಫ್ರೊನಿಸ್ ಕ್ಲೆರಿಡೆಸ್, ಸಾಲ್ ಲಾಕ್ ಮತ್ತು ಜೇಮ್ಸ್ ಟೈಬೌಟ್ 1998ರಲ್ಲಿ ಕೊಲಂಬಿಯಾ, ಮೆಕ್ಸಿಕೊ, ಮೊರಾಕೊಗಳ ಕಾರ್ಖಾನೆಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬಹುಮಟ್ಟಿಗೆ ಇದನ್ನೇ: ದಕ್ಷ ಕಾರ್ಖಾನೆಗಳು ರಫ್ತುದಾರರಾಗುತ್ತಿದ್ದವು, ರಫ್ತು ಆರಂಭವಾದದ್ದರಿಂದ ವೆಚ್ಚ ಇನ್ನಷ್ಟು ಇಳಿಯಿತೆನ್ನಲು ಪುರಾವೆ ಬಲವಾಗಿರಲಿಲ್ಲ. ಮರುವರ್ಷ ಬರ್ನಾರ್ಡ್ ಮತ್ತು ಜೆನ್ಸನ್ ಅಮೆರಿಕದ ಬಗ್ಗೆ ಹೇಳಿದ್ದೂ ಇದಕ್ಕೆ ಹತ್ತಿರದ್ದು. ಮುಂದೆ ರಫ್ತುದಾರರಾಗುವ ಕಾರ್ಖಾನೆಗಳು ಅದಕ್ಕೂ ಕೆಲವು ವರ್ಷ ಮೊದಲೇ ಮುಂಚೂಣಿಯಲ್ಲಿರುತ್ತವೆ. ರಫ್ತು ಶುರುವಾದ ಮೇಲೆ ಅವುಗಳಲ್ಲಿ ಉದ್ಯೋಗ ಬೇಗ ಬೆಳೆಯುತ್ತದೆ, ಮುಚ್ಚಿಹೋಗುವ ಸಂಭವವೂ ಕಡಿಮೆ. ಉತ್ಪಾದಕತೆಯ ಏರಿಕೆಯ ವೇಗದಲ್ಲಿ ಮಾತ್ರ ಹೇಳಿಕೊಳ್ಳುವಂಥ ಮೇಲುಗೈ ಕಾಣುವುದಿಲ್ಲ.

ಆಯ್ಕೆಯ ವಾದಕ್ಕೆ ಒಂದು ಆಕ್ಷೇಪ ಬರುತ್ತದೆ: ಹಾಗಿದ್ದರೆ ವ್ಯಾಪಾರ ಮುಕ್ತವಾದ ಮೇಲೆ ಇಡೀ ಉದ್ಯಮದ ಸರಾಸರಿ ಉತ್ಪಾದಕತೆ ಏರುವುದೇಕೆ? ಮಾರ್ಕ್ ಮೆಲಿಟ್ಜ್ 2003ರಲ್ಲಿ ಮುಂದಿಟ್ಟ ಸಿದ್ಧಾಂತದಲ್ಲಿ ಇದಕ್ಕೆ ಉತ್ತರವಿದೆ. ಹೊರಗಿನ ಬೇಡಿಕೆ ಬಂದಾಗ ಸಮರ್ಥ ಕಾರ್ಖಾನೆಗಳು ಹಿಗ್ಗುತ್ತವೆ. ಕೆಲಸಗಾರರಿಗಾಗಿ, ಕಚ್ಚಾವಸ್ತುವಿಗಾಗಿ ಅವು ಪೈಪೋಟಿ ನಡೆಸುವುದರಿಂದ ದುರ್ಬಲ ಕಾರ್ಖಾನೆಗಳು ಖರ್ಚು ಹುಟ್ಟದೆ ಬಾಗಿಲು ಹಾಕುತ್ತವೆ. ಮಾರುಕಟ್ಟೆಯ ಪಾಲು ಹಿಂದುಳಿದವರಿಂದ ಮುಂದಿರುವವರ ಕಡೆಗೆ ಸರಿಯುತ್ತದೆ. ತರಗತಿಯ ಹಿಂದಿನ ಬೆಂಚಿನವರು ಶಾಲೆ ಬಿಟ್ಟುಹೋದರೆ, ಉಳಿದವರಲ್ಲಿ ಯಾರೂ ಒಂದಕ್ಷರ ಹೆಚ್ಚಿಗೆ ಕಲಿಯದಿದ್ದರೂ ಸರಾಸರಿ ಅಂಕ ಏರುತ್ತದಲ್ಲ, ಹಾಗೆ. ದೇಶಕ್ಕೆ ಇದರಿಂದ ಲಾಭವಿಲ್ಲವೆಂದಲ್ಲ, ಆ ಲಾಭ ನಿಜವಾದದ್ದೇ. ಆದರೆ ‘ಉದ್ಯಮದ ಉತ್ಪಾದಕತೆ ಏರಿತು’ ಎಂಬ ಮಾತಿನಿಂದ ‘ಕಾರ್ಖಾನೆಗಳು ಕಲಿತವು’ ಎಂಬ ತೀರ್ಮಾನಕ್ಕೆ ನೆಗೆಯಲು ದಾರಿಯಿಲ್ಲ.

ಇನ್ನೊಂದು ಗೊಂದಲ ರಫ್ತುದಾರರ ‘ಸಾಧನೆ’ ಎಂಬ ಮಾತಿನಲ್ಲೇ ಇದೆ. ಮೇಲೆ ಹೇಳಿದ 2002ರ ಅಮೆರಿಕದ ಅಂಕಿಗಳನ್ನೇ ತೆಗೆದುಕೊಂಡರೆ, ನೌಕರರ ಸಂಖ್ಯೆಯಲ್ಲೂ ಮಾರಾಟದಲ್ಲೂ ರಫ್ತುದಾರರು ಉಳಿದವರಿಗಿಂತ ಎರಡು ಪಟ್ಟಿಗೂ ಹೆಚ್ಚು ದೊಡ್ಡವರು. ತಲಾ ಮೌಲ್ಯವರ್ಧನೆಯಲ್ಲಿ ಅಂತರ ಸುಮಾರು ಕಾಲು ಭಾಗದಷ್ಟು. ಅದೂ ಒಂದೇ ಉದ್ಯಮದೊಳಗಿನ ಸಂಸ್ಥೆಗಳನ್ನು ಹೋಲಿಸಿದಾಗ ಶೇ 11ರ ಆಸುಪಾಸಿಗೆ ಇಳಿಯುತ್ತದೆ. ದುಡಿಮೆ, ಬಂಡವಾಳ ಮುಂತಾದ ಎಲ್ಲ ಹೂಡುವಳಿಗಳನ್ನೂ ಲೆಕ್ಕಕ್ಕೆ ಹಿಡಿದ ಸಮಗ್ರ ಉತ್ಪಾದಕತೆಯಲ್ಲಿ ಉಳಿಯುವ ಅಂತರ ಶೇ 2–3 ಮಾತ್ರ. ಅಂದರೆ ಮೇಲ್ನೋಟಕ್ಕೆ ಕಾಣುವ ಹಿರಿಮೆಯ ದೊಡ್ಡ ಪಾಲು ಗಾತ್ರದ್ದು. ಇನ್ನೊಂದು ಪಾಲು ಒಬ್ಬೊಬ್ಬ ಕೆಲಸಗಾರನ ಕೈಗೆ ಹೆಚ್ಚು ಯಂತ್ರ ಕೊಟ್ಟದ್ದರ ಫಲ. ಜೊತೆಗೆ ಇಂಥ ಲೆಕ್ಕಗಳಲ್ಲಿ ಉತ್ಪಾದನೆಯನ್ನು ಅಳೆಯುವುದು ಸಾಮಾನ್ಯವಾಗಿ ಹಣದಲ್ಲಿ. ಹೊರದೇಶದಲ್ಲಿ ಅದೇ ಮಾಲಿಗೆ ಹೆಚ್ಚು ಬೆಲೆ ಸಿಕ್ಕರೆ, ಕಾರ್ಖಾನೆಯೊಳಗೆ ಒಂದು ತಿರುಪೂ ಬದಲಾಗದೆ ‘ಉತ್ಪಾದಕತೆ’ ಏರಿದಂತೆ ಕಾಣುತ್ತದೆ. ಇದಕ್ಕೆ ವಿರುದ್ಧವೂ ಆಗಬಹುದು: ಹೆಚ್ಚು ನಯವಾದ ಸರಕಿಗೆ ಹೆಚ್ಚು ಸಮಯ ಹಿಡಿದು, ನಗದ ಲೆಕ್ಕದಲ್ಲಿ ಉತ್ಪಾದನೆ ಕುಸಿದಂತೆ ತೋರಬಹುದು. ಯಾವ ಅಳತೆಗೋಲು ಎಂದು ಹೇಳದೆ ರಫ್ತಿನಿಂದ ಸಾಧನೆ ಸುಧಾರಿಸಿತು ಎನ್ನುವ ಮಾತು ಅರ್ಧ ವಾಕ್ಯ.

ಇನ್ನು ಜೋಡಿ ನಿರ್ಧಾರ. ಇದನ್ನು ಒಂದು ಊಹೆಯ ಲೆಕ್ಕದಿಂದ ಬಿಡಿಸುವುದು ಸುಲಭ. ವರ್ಷಕ್ಕೆ 20,000 ನಗ ತಯಾರಿಸಿ ದೇಶದೊಳಗೆ ಮಾರುವ ಕಾರ್ಖಾನೆಯೊಂದಿದೆ ಎನ್ನಿ. 60 ಲಕ್ಷ ರೂಪಾಯಿಯ ಹೊಸ ಯಂತ್ರ ಬಂದರೆ ಪ್ರತಿ ನಗಕ್ಕೆ 40 ರೂಪಾಯಿ ಉಳಿತಾಯ. ಯಂತ್ರದ ಆಯುಷ್ಯ 5 ವರ್ಷ. ಸರಳತೆಗಾಗಿ ಬಡ್ಡಿಯನ್ನು ಬಿಟ್ಟರೆ, ಐದು ವರ್ಷಗಳ ಉಳಿತಾಯ 40 ಲಕ್ಷ. ಯಂತ್ರ ಕೊಂಡರೆ 20 ಲಕ್ಷ ನಷ್ಟ; ಆದ್ದರಿಂದ ಮಾಲೀಕ ಕೊಳ್ಳುವುದಿಲ್ಲ. ಇನ್ನು ಹಳೆಯ ಯಂತ್ರದಲ್ಲೇ ತಯಾರಿಸಿ ವರ್ಷಕ್ಕೆ ಇನ್ನೂ 20,000 ನಗ ಹೊರದೇಶಕ್ಕೆ ಕಳಿಸಿದರೆ ನಗಕ್ಕೆ 20 ರೂಪಾಯಿ ಲಾಭ, ಐದು ವರ್ಷಕ್ಕೆ 20 ಲಕ್ಷ. ಆ ಮಾರುಕಟ್ಟೆಗೆ ಕಾಲಿಡುವ ಮುಂಗಡ ಖರ್ಚು 30 ಲಕ್ಷವಾದರೆ ಅಲ್ಲೂ 10 ಲಕ್ಷ ನಷ್ಟ. ಎರಡನ್ನೂ ಒಟ್ಟಿಗೆ ಮಾಡಿದರೆ? ಯಂತ್ರದ ಉಳಿತಾಯ ಈಗ 40,000 ನಗಗಳ ಮೇಲೆ ಹರಡಿ 80 ಲಕ್ಷವಾಗುತ್ತದೆ. ರಫ್ತಿನ ಲಾಭ 20 ಲಕ್ಷ. ಒಟ್ಟು ಒಂದು ಕೋಟಿ. ಖರ್ಚು 90 ಲಕ್ಷ. ಬಿಡಿಬಿಡಿಯಾಗಿ ನಷ್ಟ ತರುತ್ತಿದ್ದ ಎರಡು ಕೆಲಸಗಳು ಕೂಡಿದಾಗ 10 ಲಕ್ಷ ಲಾಭ ಕೊಡುತ್ತವೆ. ಆ ದೇಶದ ಆಮದು ಸುಂಕ ನಗಕ್ಕೆ 20 ರೂಪಾಯಿಯನ್ನು ನುಂಗಿಹಾಕುತ್ತಿದ್ದ ಕಾಲದಲ್ಲಿ ಇದೇ ಲೆಕ್ಕ 10 ಲಕ್ಷ ನಷ್ಟದಲ್ಲಿ ಮುಗಿಯುತ್ತಿತ್ತು. ಸುಂಕ ಹೋದ ದಿನ ಯಂತ್ರವೂ ಬರುತ್ತದೆ, ರಫ್ತೂ ಶುರುವಾಗುತ್ತದೆ. ಇಲ್ಲಿ ರಫ್ತು ಯಂತ್ರಕ್ಕೆ ಕಾರಣವೇ, ಯಂತ್ರ ರಫ್ತಿಗೆ ಕಾರಣವೇ ಎಂದು ಕೇಳುವುದು ವ್ಯರ್ಥ. ಎರಡಕ್ಕೂ ಕಾರಣ ಮಾರುಕಟ್ಟೆ ದೊಡ್ಡದಾದದ್ದು.

ವಾಸ್ತವದಲ್ಲಿ ಹೀಗಾಗುತ್ತದೆಯೇ ಎಂಬುದಕ್ಕೆ ಕೆನಡಾದ ಅನುಭವ ಒಳ್ಳೆಯ ಸಾಕ್ಷಿ. 1989ರ ಜನವರಿ 1ರಂದು ಜಾರಿಗೆ ಬಂದ ಕೆನಡಾ–ಅಮೆರಿಕ ಮುಕ್ತ ವ್ಯಾಪಾರ ಒಪ್ಪಂದದಿಂದ ಅಮೆರಿಕದ ಸುಂಕಗಳು ಹಂತಹಂತವಾಗಿ ಇಳಿದವು. ಬೇರೆಬೇರೆ ಸರಕುಗಳ ಮೇಲಿನ ಸುಂಕ ಬೇರೆಬೇರೆ ಪ್ರಮಾಣದಲ್ಲಿ ಇಳಿದದ್ದರಿಂದ, ಸುಂಕ ಇಳಿಯಿತೆಂಬ ಕಾರಣಕ್ಕೇ ರಫ್ತಿಗೆ ಇಳಿದ ಕಾರ್ಖಾನೆಗಳನ್ನು ಗುರುತಿಸಲು ಅಲ್ಲಾ ಲಿಲೀವಾ ಮತ್ತು ಡೇನಿಯಲ್ ಟ್ರೆಫ್ಲರ್ ಅವರಿಗೆ ಸಾಧ್ಯವಾಯಿತು. 2010ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ ಈ ಹೊಸ ರಫ್ತುದಾರರ ಪೈಕಿ ಮೊದಲು ಹಿಂದುಳಿದಿದ್ದ ಕಾರ್ಖಾನೆಗಳಲ್ಲೇ ತಲಾ ಉತ್ಪಾದಕತೆ ಹೆಚ್ಚು ಏರಿತು; ಅವು ಹೊಸ ಸರಕುಗಳನ್ನು ಹೊರತಂದವು, ಸುಧಾರಿತ ತಯಾರಿಕಾ ತಂತ್ರಜ್ಞಾನವನ್ನು ಹೆಚ್ಚಾಗಿ ಅಳವಡಿಸಿಕೊಂಡವು. ಅಷ್ಟೇ ಅಲ್ಲ, ಕೆನಡಾದ ಒಳಗೂ ರಫ್ತು ಮಾಡದವರ ಪಾಲನ್ನು ಕಸಿದುಕೊಂಡವು. ಈ ಕೊನೆಯ ಅಂಶಕ್ಕೆ ವಿಶೇಷ ಬೆಲೆಯಿದೆ. ಹೊರದೇಶದ ಒಳ್ಳೆಯ ಬೆಲೆಯಿಂದಷ್ಟೇ ಉತ್ಪಾದಕತೆ ಏರಿದಂತೆ ಕಂಡಿದ್ದರೆ ಮನೆಯ ಮಾರುಕಟ್ಟೆಯಲ್ಲಿ ಗೆಲ್ಲಲು ಕಾರಣವಿರಲಿಲ್ಲ. ಹಿಂದುಳಿದವಕ್ಕೆ ಹೆಚ್ಚು ಲಾಭವಾದದ್ದಕ್ಕೂ ಮೇಲಿನ ಲೆಕ್ಕದಲ್ಲೇ ವಿವರಣೆಯಿದೆ: ಸಮರ್ಥ ಕಾರ್ಖಾನೆ ಹೊಸ ಯಂತ್ರವಿಲ್ಲದೆಯೂ ರಫ್ತು ಮಾಡಬಲ್ಲದು, ಹಿಂದುಳಿದದ್ದು ಆ ಸಾಹಸಕ್ಕೆ ಕೈಹಾಕುವುದು ಹೂಡಿಕೆಯಿಂದ ದೊಡ್ಡ ಸುಧಾರಣೆ ಖಚಿತವೆನಿಸಿದಾಗ ಮಾತ್ರ.

ಅರ್ಜೆಂಟೀನಾದ ಕಥೆಯೂ ಇದೇ ಧಾಟಿಯದು, ಒಂದು ವ್ಯತ್ಯಾಸದೊಡನೆ. 1991ರ ಮೆರ್ಕೊಸೂರ್ ಒಪ್ಪಂದದ ನಂತರ ಬ್ರೆಜಿಲ್ ತನ್ನ ಸುಂಕಗಳನ್ನು ಇಳಿಸಿದಾಗ, ಯಾವ ಸರಕುಗಳ ಸುಂಕ ಹೆಚ್ಚು ಇಳಿಯಿತೋ ಆ ಸರಕಿನ ಅರ್ಜೆಂಟೀನಾದ ಸಂಸ್ಥೆಗಳು ತಂತ್ರಜ್ಞಾನಕ್ಕೆ ಹೆಚ್ಚು ವೇಗವಾಗಿ ಹಣ ಹೂಡಿದವೆಂದು ಪೌಲಾ ಬುಸ್ಟೋಸ್ 2011ರಲ್ಲಿ ತೋರಿಸಿದರು. ಪರಿಣಾಮ ಎದ್ದು ಕಂಡದ್ದು ಗಾತ್ರದಲ್ಲಿ ಮಧ್ಯಮಕ್ಕಿಂತ ತುಸು ಮೇಲಿದ್ದ ಸಂಸ್ಥೆಗಳಲ್ಲಿ. ತೀರ ದೊಡ್ಡವು ಮೊದಲೇ ಹೊಸ ತಂತ್ರ ಹೊಂದಿದ್ದವು; ತೀರ ಸಣ್ಣವಕ್ಕೆ ಸುಂಕ ಇಳಿದರೂ ಲೆಕ್ಕ ಕೂಡಿಬರಲಿಲ್ಲ. ಕೆನಡಾದಲ್ಲಿ ಹಿಂದುಳಿದವು, ಅರ್ಜೆಂಟೀನಾದಲ್ಲಿ ಮೇಲ್ಮಧ್ಯದವು ಎಂಬುದು ವಿರೋಧದಂತೆ ಕಂಡರೂ ಎರಡರ ಹುರುಳು ಒಂದೇ: ಹೊಸ್ತಿಲ ಮೇಲೆ ನಿಂತಿದ್ದ ಕಾರ್ಖಾನೆಗಳನ್ನು ಮಾರುಕಟ್ಟೆಯ ಹಿಗ್ಗುವಿಕೆ ಒಳಕ್ಕೆ ತಳ್ಳುತ್ತದೆ. ಹೊಸ್ತಿಲು ಎಲ್ಲಿದೆ ಎಂಬುದು ದೇಶದಿಂದ ದೇಶಕ್ಕೆ ಬದಲಾಗುತ್ತದೆ.

ಮೂರನೆಯದು ಕಲಿಕೆ. ಆಯ್ಕೆ ಮತ್ತು ಜೋಡಿ ನಿರ್ಧಾರಗಳನ್ನು ಕಳೆದ ಮೇಲೆ ಕಲಿಕೆಯೆಂಬುದು ಏನಾದರೂ ಉಳಿಯುತ್ತದೆಯೇ ಎಂಬ ಪ್ರಶ್ನೆಗೆ ಅತ್ಯಂತ ಸ್ಪಷ್ಟ ಉತ್ತರ ಸಿಕ್ಕಿದ್ದು ದೊಡ್ಡ ಕಾರ್ಖಾನೆಗಳಲ್ಲಲ್ಲ, ಈಜಿಪ್ಟಿನ ನೈಲ್ ಮುಖಜಭೂಮಿಯ ಫುವಾ ಪಟ್ಟಣದ ಕೈಮಗ್ಗಗಳಲ್ಲಿ. ಅಲ್ಲಿನ ನೇಕಾರರು ಕಾಲಿನಿಂದ ತುಳಿಯುವ ಮರದ ಮಗ್ಗದಲ್ಲಿ ಜಮಖಾನದಂಥ ಚಪ್ಪಟೆ ನೆಯ್ಗೆಯ ಹಾಸುಗಳನ್ನು ನೇಯುತ್ತಾರೆ. ಬಹುಪಾಲು ಒಬ್ಬನೇ ನಡೆಸುವ ಘಟಕಗಳು. ಡೇವಿಡ್ ಆಟ್ಕಿನ್, ಅಮಿತ್ ಖಂಡೇಲ್ವಾಲ್ ಮತ್ತು ಆಡಮ್ ಓಸ್ಮಾನ್ ಲಾಟರಿ ಎತ್ತಿದಂತೆ ಕೆಲವು ನೇಕಾರರನ್ನು ಆರಿಸಿ, ಸ್ಥಳೀಯ ಮಧ್ಯವರ್ತಿಯ ಮೂಲಕ ಶ್ರೀಮಂತ ದೇಶಗಳ ಆರ್ಡರುಗಳು ಅವರಿಗೆ ಮಾತ್ರ ಸಿಗುವಂತೆ ಮಾಡಿದರು. ಯಾರಿಗೆ ಸಿಕ್ಕಿತೆಂಬುದು ಅದೃಷ್ಟದ ಮಾತಾದ್ದರಿಂದ ಆಯ್ಕೆಯ ಪ್ರಶ್ನೆ ಏಳುವುದಿಲ್ಲ. ಮಗ್ಗ ಅದೇ ಇದ್ದದ್ದರಿಂದ ಯಂತ್ರದ ಪ್ರಶ್ನೆಯೂ ಇಲ್ಲ. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ ಆರ್ಡರು ಸಿಕ್ಕವರ ಲಾಭ ಶೇ 16ರಿಂದ 26ರಷ್ಟು ಹೆಚ್ಚಿತು, ನೆಯ್ಗೆಯ ಗುಣಮಟ್ಟ ಚೆನ್ನಾಗಿ ಏರಿತು, ಗಂಟೆಗೆ ನೇಯುವ ಪ್ರಮಾಣ ಮಾತ್ರ ಇಳಿಯಿತು.

ಹೆಚ್ಚು ಬೆಲೆಯ ಆಸೆಗೆ ನೇಕಾರ ನಿಧಾನವಾಗಿ, ಜೋಪಾನವಾಗಿ ನೇಯ್ದದ್ದೇ ಇದಕ್ಕೆಲ್ಲ ಕಾರಣವಾಗಿರಬಹುದು ಎಂಬ ಸಂಶಯ ಸಹಜ. ಅದನ್ನು ಪರಿಹರಿಸಲು ಎರಡೂ ಗುಂಪಿನವರಿಗೆ ಒಂದೇ ನೂಲು, ಒಂದೇ ಮಗ್ಗ ಕೊಟ್ಟು, ದೇಶೀ ಮಾರುಕಟ್ಟೆಯ ಒಂದೇ ಮಾದರಿಯ ಹಾಸನ್ನು ನೇಯಲು ಹೇಳಲಾಯಿತು. ಹೊತ್ತು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಹಿಡಿಯಿತು. ರಫ್ತಿನ ಕೆಲಸ ಮಾಡಿದ್ದವರ ಹಾಸು ಮಾತ್ರ ಮೇಲಾಗಿತ್ತು. ಮಧ್ಯವರ್ತಿ ಯಾವ ಅಂಶವನ್ನು ಹಿಡಿದು ತಿದ್ದಿದ್ದನೋ ಆ ಅಂಶದಲ್ಲೇ ಸುಧಾರಣೆ ಎದ್ದು ಕಾಣುತ್ತಿತ್ತು. ಮೂಲೆ ನೇರವಾಗಿ ಕೂತಿದೆಯೇ, ನೆಯ್ಗೆ ಒತ್ತಾಗಿದೆಯೇ ಎಂಬಂಥ ಸಣ್ಣ ಸಂಗತಿಗಳು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿದ್ದವು. ರಫ್ತು ಪಾಠಶಾಲೆಯಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಬಿಗಿಯಾದ ಪುರಾವೆ ವಿರಳ. ಜೊತೆಗೆ ಎರಡು ಸಂಗತಿಗಳನ್ನೂ ಅದು ತೋರಿಸುತ್ತದೆ. ತಂತ್ರಜ್ಞಾನವೆಂದರೆ ಯಂತ್ರವೊಂದೇ ಅಲ್ಲ, ಯಂತ್ರ ಬಳಸುವ ಕೈಯ ತಿಳಿವಳಿಕೆಯೂ ಹೌದು. ಆ ತಿಳಿವಳಿಕೆ ದಾಟಬೇಕಾದರೆ ಹೇಳಿಕೊಡುವವನೊಬ್ಬ ನಡುವೆ ಇರಬೇಕು. ಸ್ಲೊವೇನಿಯಾದ ತಯಾರಿಕಾ ಸಂಸ್ಥೆಗಳ ಬಗ್ಗೆ ಯಾನ್ ಡೆ ಲೋಕರ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಒತ್ತಾಸೆ: ರಫ್ತು ಆರಂಭಿಸಿದ ಮೇಲೆ ಉತ್ಪಾದಕತೆ ಏರಿತು, ಶ್ರೀಮಂತ ದೇಶಗಳಿಗೆ ಕಳಿಸುತ್ತಿದ್ದವರಲ್ಲಿ ಹೆಚ್ಚಾಗಿ ಏರಿತು. ಎಂಥವನಿಗೆ ಮಾರಲಾಗುತ್ತಿದೆ ಎಂಬುದರ ಮೇಲೆ ಎಷ್ಟು ಕಲಿಯಬಹುದೆಂಬುದು ನಿಂತಿದೆ.

ಹೇಳಿಕೊಡುವವನು ತನಗೆ ಬೇಕಾದಷ್ಟನ್ನೇ ಹೇಳಿಕೊಡುತ್ತಾನೆ ಎಂಬುದು ಇದರ ಇನ್ನೊಂದು ಮುಖ. ಬ್ರೆಜಿಲ್‌ನ ಸಿನೋಸ್ ಕಣಿವೆಯ ಚಪ್ಪಲಿ ಕಾರ್ಖಾನೆಗಳು ಅಮೆರಿಕದ ದೊಡ್ಡ ಖರೀದಿದಾರರಿಗಾಗಿ ಮಹಿಳೆಯರ ಚರ್ಮದ ಪಾದರಕ್ಷೆ ತಯಾರಿಸುತ್ತ ಬೇಗ ಪಳಗಿದವು. ಗುಣಮಟ್ಟ, ಗಡುವು ಎರಡರಲ್ಲೂ ಕೈ ಕುದುರಿತು. ವಿನ್ಯಾಸ, ಬ್ರ್ಯಾಂಡ್, ಮಾರಾಟಗಳನ್ನು ಖರೀದಿದಾರರು ತಮ್ಮಲ್ಲೇ ಇಟ್ಟುಕೊಂಡದ್ದರಿಂದ ಆ ದಿಕ್ಕಿನ ಕಲಿಕೆ ಅಲ್ಲಿಗೇ ನಿಂತಿತು. ತಮ್ಮದೇ ವಿನ್ಯಾಸ, ತಮ್ಮದೇ ಹೆಸರು ಬೆಳೆಸಿಕೊಂಡವರು ದೇಶದೊಳಗೆ ಮತ್ತು ನೆರೆಯ ಲ್ಯಾಟಿನ್ ಅಮೆರಿಕದಲ್ಲಿ ಮಾರುತ್ತಿದ್ದವರು. ರಫ್ತು ಕಲಿಸುತ್ತದೆ ಎಂಬ ಮಾತಿನ ಜೊತೆಗೆ ಏನನ್ನು ಕಲಿಸುತ್ತದೆ, ಏನನ್ನು ಕಲಿಯಗೊಡುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಹೊರಗಿನ ಒತ್ತಡ ಎಷ್ಟಿದ್ದರೂ ಕಾರ್ಖಾನೆಯ ಒಳಗಿನ ಏರ್ಪಾಡು ಒಗ್ಗದಿದ್ದರೆ ತಂತ್ರಜ್ಞಾನ ಬಾಗಿಲಲ್ಲೇ ನಿಲ್ಲುತ್ತದೆ. ಪಾಕಿಸ್ತಾನದ ಸಿಯಾಲ್‌ಕೋಟ್ ಇದಕ್ಕೆ ಉದಾಹರಣೆ. ಫುಟ್‌ಬಾಲ್ ತಯಾರಿಕೆಯಲ್ಲಿ ಜಗತ್ತಿಗೇ ಹೆಸರಾದ, ರಫ್ತನ್ನೇ ನೆಚ್ಚಿಕೊಂಡ ಊರದು. ಸಾಮಾನ್ಯ ಚೆಂಡಿಗೆ 20 ಷಟ್ಕೋನ, 12 ಪಂಚಕೋನ ತುಂಡುಗಳು ಬೇಕು. ರೆಕ್ಸಿನ್ ಹಾಳೆಯಿಂದ ಪಂಚಕೋನಗಳನ್ನು ಕತ್ತರಿಸುವಾಗ ನಡುವೆ ಚೂರುಪಾರು ವ್ಯರ್ಥವಾಗುತ್ತದೆ. ಅಲ್ಲಿ ಸಂಶೋಧನೆ ನಡೆಸಿದ ಅರ್ಥಶಾಸ್ತ್ರಜ್ಞರ ತಂಡ ತುಂಡುಗಳು ಒಂದಕ್ಕೊಂದು ಒತ್ತಾಗಿ ಕೂರುವಂಥ ಹೊಸ ಅಚ್ಚನ್ನು ರೂಪಿಸಿ 35 ಸಂಸ್ಥೆಗಳಿಗೆ ಪುಕ್ಕಟೆ ಕೊಟ್ಟಿತು. ಉಳಿತಾಯ ಸಣ್ಣದಾದರೂ ಖಚಿತ. ಹದಿನೈದು ತಿಂಗಳಾದರೂ ಅದನ್ನು ಬಳಸುತ್ತಿದ್ದವು ಬೆರಳೆಣಿಕೆಯವು. ಕಾರಣ ಕೂಲಿಯ ಪದ್ಧತಿಯಲ್ಲಿತ್ತು. ಕತ್ತರಿಸುವವನಿಗೆ ಪೀಸ್‌ರೇಟ್ ಸಂಬಳ, ಅಂದರೆ ಕತ್ತರಿಸಿದ ತುಂಡುಗಳ ಲೆಕ್ಕದಲ್ಲಿ ಕೂಲಿ. ಹೊಸ ಅಚ್ಚಿಗೆ ಕೈ ಒಗ್ಗುವವರೆಗೆ ಅವನ ವೇಗ ಇಳಿಯುತ್ತದೆ, ದಿನದ ಸಂಪಾದನೆ ಕುಗ್ಗುತ್ತದೆ. ಉಳಿದ ರೆಕ್ಸಿನ್ ಮಾತ್ರ ಮಾಲೀಕನ ಲಾಭಕ್ಕೆ. ಈ ಅಚ್ಚು ಪ್ರಯೋಜನಕ್ಕೆ ಬಾರದೆಂದು ಅವನು ಮಾಲೀಕನಿಗೆ ಹೇಳುವುದರಲ್ಲಿ ಅಚ್ಚರಿಯಿಲ್ಲ. ಹೊಸ ಅಚ್ಚನ್ನು ಬಳಸಿ ತೋರಿಸಿದ ಕೆಲಸಗಾರನಿಗೆ ಸುಮಾರು ಒಂದು ತಿಂಗಳ ಸಂಬಳದಷ್ಟು ಬಹುಮಾನ ಕೊಟ್ಟಾಗ ಅಳವಡಿಕೆ ಹೆಚ್ಚಿತು. ಹತ್ತಾರು ವರ್ಷಗಳ ರಫ್ತಿನಿಂದ ಆಗದ ಕೆಲಸವನ್ನು ಕೂಲಿಯ ಸಣ್ಣ ತಿದ್ದುಪಡಿ ಮಾಡಿತು.

ಬೆಂಗಳೂರಿನ ಸುತ್ತಲಿನ ರಫ್ತು ಗಾರ್ಮೆಂಟ್ ಕಾರ್ಖಾನೆಗಳಲ್ಲಿ ನಡೆದ ಎಲ್‌ಇಡಿ ದೀಪಗಳ ಪ್ರಸಂಗದಲ್ಲಿ ನಂಟಿನ ಇನ್ನೊಂದು ಎಳೆ ಕಾಣುತ್ತದೆ. ಪರಿಸರಸ್ನೇಹಿ ಕ್ರಮಗಳ ಬಗ್ಗೆ ವಿದೇಶಿ ಖರೀದಿದಾರರ ಒತ್ತಾಯ ಹೆಚ್ಚಿದಾಗ, ಹೊಲಿಗೆ ವಿಭಾಗದ ಹಳೆಯ ಫ್ಲೋರೊಸೆಂಟ್ ದೀಪಗಳ ಜಾಗಕ್ಕೆ ಎಲ್‌ಇಡಿ ಬಂದವು. ಉದ್ದೇಶವಿದ್ದದ್ದು ವಿದ್ಯುತ್ ಉಳಿಸುವುದು. ಎಲ್‌ಇಡಿ ದೀಪ ಬಿಸಿ ಕಾರುವುದು ಕಡಿಮೆ. ಸಾಲು ಸಾಲು ಯಂತ್ರಗಳ ಮುಂದೆ ಕೂತು ಹೊಲಿಯುವವರಿಗೆ ಬೇಸಗೆಯ ದಿನಗಳಲ್ಲಿ ಸೆಕೆ ತಗ್ಗಿತು, ಲೈನ್‌ನ ಉತ್ಪಾದನೆ ಏರಿತು. ಅಚ್ಯುತ ಅಧ್ವರ್ಯು ಮತ್ತು ಸಂಗಡಿಗರ ಲೆಕ್ಕದಂತೆ ಸರಾಸರಿ ಕಾರ್ಖಾನೆಗೆ ವಿದ್ಯುತ್ತಿನಲ್ಲಿ ಉಳಿದದ್ದು ಸುಮಾರು 2,880 ಡಾಲರ್. ಉತ್ಪಾದಕತೆಯಿಂದ ಬಂದದ್ದು ಸುಮಾರು 7,500 ಡಾಲರ್. ರಫ್ತಿನಿಂದ ತಂತ್ರಜ್ಞಾನ, ತಂತ್ರಜ್ಞಾನದಿಂದ ಸಾಧನೆ ಎಂಬ ಸರಪಳಿ ಇಲ್ಲಿ ನಿಜಕ್ಕೂ ಇದೆ. ಆದರೂ ಅದರ ದೊಡ್ಡ ಫಲ ಖರೀದಿದಾರನ ಪಟ್ಟಿಯಲ್ಲಿ ಇರಲಿಲ್ಲ. ಇದೇ ದೀಪವನ್ನು ದೇಶೀ ಮಾರುಕಟ್ಟೆಗೆ ಹೊಲಿಯುವ ಕಾರ್ಖಾನೆ ಹಾಕಿಕೊಂಡರೂ ಸೆಕೆ ಅಷ್ಟೇ ತಗ್ಗೀತು. ರಫ್ತು ಇಲ್ಲಿ ಮಾಡಿದ್ದು ಹಿಂದೇಟು ಹಾಕುತ್ತಿದ್ದ ಒಂದು ನಿರ್ಧಾರವನ್ನು ಬೇಗ ಮಾಡಿಸಿದ್ದು.

ನೀತಿಯೇ ಈ ನಂಟನ್ನು ಕಟ್ಟಿಕೊಡುವುದೂ ಉಂಟು; ಅಂಕಿಅಂಶ ಓದುವವರು ಇದನ್ನು ಮರೆಯಬಾರದು. ಭಾರತದ ಇಪಿಸಿಜಿ (ರಫ್ತು ಉತ್ತೇಜನ ಬಂಡವಾಳ ಸರಕು) ಯೋಜನೆಯಲ್ಲಿ ತಯಾರಕರು ಯಂತ್ರೋಪಕರಣಗಳನ್ನು ಸುಂಕವಿಲ್ಲದೆ ಆಮದು ಮಾಡಿಕೊಳ್ಳಬಹುದು. ಅದಕ್ಕೆ ಬದಲಾಗಿ, ಸಾಮಾನ್ಯ ನಿಯಮದಂತೆ, ಉಳಿತಾಯವಾದ ಸುಂಕದ 6 ಪಟ್ಟು ಮೌಲ್ಯದ ರಫ್ತನ್ನು 6 ವರ್ಷಗಳಲ್ಲಿ ಮಾಡಿ ತೋರಿಸಬೇಕು. ಇಂಥ ವ್ಯವಸ್ಥೆಯಲ್ಲಿ ರಫ್ತುದಾರರ ಬಳಿ ಹೊಸ ಯಂತ್ರಗಳು ಹೆಚ್ಚಾಗಿ ಕಂಡರೆ ಅದು ಮಾರುಕಟ್ಟೆಯ ಪಾಠವೇ ಆಗಬೇಕಿಲ್ಲ, ಸುಂಕ ವಿನಾಯಿತಿಯ ನೆರಳೂ ಆಗಿರಬಹುದು. ರಫ್ತಿನ ಹಂಗಿಲ್ಲದೆ ಹೊರಗಿನ ತಂತ್ರ ಒಳಬರುವ ದಾರಿಯೂ ಇದೆ. 1991ರ ಸುಧಾರಣೆಗಳ ನಂತರ ಬಿಡಿಭಾಗ ಮತ್ತು ಕಚ್ಚಾವಸ್ತುಗಳ ಮೇಲಿನ ಆಮದು ಸುಂಕ ಇಳಿದದ್ದು, ಭಾರತೀಯ ಸಂಸ್ಥೆಗಳು ಹೊಸದಾಗಿ ತಯಾರಿಸಿದ ಸರಕುಗಳಲ್ಲಿ ಸರಾಸರಿ ಶೇ 31ರಷ್ಟಕ್ಕೆ ಕಾರಣವೆಂದು ಪಿನೆಲೋಪಿ ಗೋಲ್ಡ್‌ಬರ್ಗ್ ಮತ್ತು ಸಹಲೇಖಕರು 2010ರಲ್ಲಿ ಅಂದಾಜು ಮಾಡಿದರು. ಹೊರಜಗತ್ತಿಗೆ ತೆರೆದ ಬಾಗಿಲು ಎರಡೂ ಕಡೆಗೆ ತೆರೆಯುತ್ತದೆ; ಒಳಕ್ಕೆ ಬಂದದ್ದರ ಪುಣ್ಯವನ್ನು ಹೊರಕ್ಕೆ ಹೋದದ್ದರ ಲೆಕ್ಕದಲ್ಲಿ ಬರೆಯುವುದು ಸರಿಯಲ್ಲ.

ಇಷ್ಟಾದ ಮೇಲೂ ಉಳಿಯುವ ಆಕ್ಷೇಪಗಳು ಮುಖ್ಯವಾಗಿ ಎರಡು. ಮೊದಲನೆಯದು ಪೂರ್ವ ಏಷ್ಯಾದ ನಿದರ್ಶನ. ರಫ್ತಿನ ಬೆನ್ನುಹತ್ತಿ ಕೊರಿಯಾ ಒಂದು ತಲೆಮಾರಿನಲ್ಲಿ ಕೈಗಾರಿಕಾ ರಾಷ್ಟ್ರವಾಯಿತಲ್ಲವೇ? ಆಯಿತು. ಅಲ್ಲಿ ನಡೆದದ್ದೇನೆಂದು ನೋಡಿದರೆ, ಅಗ್ಗದ ಸಾಲ ಮತ್ತು ರಕ್ಷಣೆಗಳನ್ನು ಸರ್ಕಾರ ಪುಕ್ಕಟೆ ಕೊಡಲಿಲ್ಲ, ರಫ್ತಿನ ಗುರಿ ಮುಟ್ಟುವ ಷರತ್ತಿಗೆ ಕಟ್ಟಿಹಾಕಿತು. ಆಲಿಸ್ ಆಮ್ಸ್‌ಡೆನ್ 1989ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದ್ದು ಈ ಶಿಸ್ತನ್ನೇ. ದೇಶದೊಳಗಿನ ಮಾರಾಟದ ಅಂಕಿಯನ್ನು ರಕ್ಷಣೆ, ಏಕಸ್ವಾಮ್ಯ, ಪ್ರಭಾವಗಳಿಂದ ಉಬ್ಬಿಸಬಹುದು; ಹೊರದೇಶದ ಖರೀದಿದಾರನನ್ನು ಹಾಗೆ ಒಲಿಸಿಕೊಳ್ಳಲಾಗದು. ಅಂದರೆ ಕೊರಿಯಾದಲ್ಲಿ ರಫ್ತು ಸಾಮರ್ಥ್ಯವನ್ನು ಅಳೆಯುವ ಕೋಲಾಗಿತ್ತು. ಸಾಮರ್ಥ್ಯ ಬಂದದ್ದು ಯಂತ್ರ, ತರಬೇತಿ, ಎಂಜಿನಿಯರಿಂಗ್ ಶಿಕ್ಷಣಗಳಲ್ಲಿ ಆದ ಹೂಡಿಕೆಯಿಂದ. ಪರೀಕ್ಷೆ ಬಿಗಿಯಾಗಿದ್ದದ್ದರಿಂದ ಓದು ಗಂಭೀರವಾಯಿತು ಎನ್ನಬಹುದು; ಓದದೆಯೂ ಪರೀಕ್ಷೆಯೇ ಪಾಸು ಮಾಡಿಸಿತು ಎನ್ನಲಾಗದು.

ಎರಡನೆಯ ಆಕ್ಷೇಪ ವ್ಯಾವಹಾರಿಕವಾದದ್ದು: ಕಾರಣ ಯಾವುದಾದರೇನು, ರಫ್ತು ಹೆಚ್ಚಿದಾಗ ಒಳ್ಳೆಯದಾಗುತ್ತದೆ ಎಂದಮೇಲೆ ಉತ್ತೇಜಿಸಿದರಾಯಿತಲ್ಲ? ಕಾರಣ ಬೇರೆಯಾದರೆ ಮದ್ದೂ ಬೇರೆಯಾಗುತ್ತದೆ. ನಂಟು ಬರಿಯ ಆಯ್ಕೆಯದಾಗಿದ್ದರೆ, ರಫ್ತಿಗೆ ಕೊಡುವ ಸಹಾಯಧನ ಹೇಗೂ ರಫ್ತು ಮಾಡುತ್ತಿದ್ದ ದೊಡ್ಡವರ ಕಿಸೆ ಸೇರುತ್ತದೆ; ಮೇಲಿನ ಹತ್ತರಲ್ಲೊಂದು ಪಾಲಿನವರೇ ಬಹುತೇಕ ಇಡೀ ರಫ್ತನ್ನು ಸಾಗಿಸುವ ಲೋಕದಲ್ಲಿ ಇದು ಸಣ್ಣ ಅಪಾಯವಲ್ಲ. ಜೋಡಿ ನಿರ್ಧಾರದ ನಂಟಾಗಿದ್ದರೆ ಬೇಕಾದದ್ದು ಹೊಸ್ತಿಲಲ್ಲಿ ನಿಂತವರಿಗೆ ಮಾರುಕಟ್ಟೆಯ ಭರವಸೆ: ಎದುರು ದೇಶದ ಸುಂಕ ಇಳಿಸುವ ಒಪ್ಪಂದ, ಬಂದರಿನ ವಿಳಂಬ ತಗ್ಗಿಸುವುದು, ಪ್ರಮಾಣಪತ್ರದ ಖರ್ಚು ಇಳಿಸುವುದು, ಯಂತ್ರಕ್ಕೆ ಸಾಲ. ಇಲ್ಲಿ ದುಡಿಯುವುದು ಮಾರುಕಟ್ಟೆಯ ಗಾತ್ರವಾದ್ದರಿಂದ, ಭಾರತದಂಥ ವಿಶಾಲ ದೇಶದಲ್ಲಿ ರಾಜ್ಯ ರಾಜ್ಯಗಳ ನಡುವಿನ ಸಾಗಾಟ ಸುಗಮವಾದರೂ ಅದೇ ಫಲದ ಒಂದು ಭಾಗ ಸಿಕ್ಕೀತು. ದೇಶೀ ಮಾರುಕಟ್ಟೆ ಕಿರಿದಾದ ರಾಷ್ಟ್ರಕ್ಕೆ ಆ ಆಯ್ಕೆಯಿಲ್ಲ. ಕಲಿಕೆಯ ನಂಟಾಗಿದ್ದರೆ ಹಣಕ್ಕಿಂತ ಹೆಚ್ಚಾಗಿ ಬೇಕಾದದ್ದು ಬಿಗಿ ಖರೀದಿದಾರನಿಗೂ ಸಣ್ಣ ತಯಾರಕನಿಗೂ ನಡುವೆ ತಿಳಿದು ಹೇಳುವ ಮಧ್ಯವರ್ತಿ, ಮತ್ತು ಕಲಿತದ್ದರ ಲಾಭದಲ್ಲಿ ಕೆಲಸಗಾರನಿಗೂ ಪಾಲು ಸಿಗುವ ಕೂಲಿ ಪದ್ಧತಿ.

ನಿರ್ದಿಷ್ಟ ಉದ್ಯಮವೊಂದರಲ್ಲಿ ಯಾವ ನಂಟು ಪ್ರಬಲವೆಂದು ತಿಳಿಯಲು ಕೇಳಬೇಕಾದ ಪ್ರಶ್ನೆಗಳು ಹೆಚ್ಚಿಲ್ಲ. ರಫ್ತಿನ ಮೊದಲ ಆರ್ಡರಿಗೂ ಮುಂಚೆ ಕಾರ್ಖಾನೆ ಹೇಗಿತ್ತು? ಹೊಸ ಯಂತ್ರ ಬಂದದ್ದು ಯಾವಾಗ, ಯಾವ ಲೆಕ್ಕದ ಮೇಲೆ? ಅದೇ ಕೈಗಳು ದೇಶೀ ಮಾರುಕಟ್ಟೆಗೆ ತಯಾರಿಸುವ ಸರಕೂ ಸುಧಾರಿಸಿತೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಪರೀಕ್ಷೆ ಯಾವುದು, ಪರೀಕ್ಷೆಗಾಗಿ ಮಾಡಿದ ಓದು ಯಾವುದು, ಪಾಠ ಯಾವುದು ಎಂದು ಬೇರ್ಪಡಿಸಬಹುದು. ರಫ್ತಿನಿಂದ ಕಾರ್ಖಾನೆ ಸುಧಾರಿಸುತ್ತದೆ ಎಂಬ ನಂಬಿಕೆಯಲ್ಲಿ ಇಷ್ಟು ಉಳಿಯುತ್ತದೆ: ಮೊದಲೇ ಸಮರ್ಥವಾಗಿದ್ದ ಕಾರ್ಖಾನೆಯನ್ನು ರಫ್ತು ದೊಡ್ಡದು ಮಾಡುತ್ತದೆ, ಹೊಸ್ತಿಲಲ್ಲಿದ್ದದ್ದಕ್ಕೆ ಯಂತ್ರ ಕೊಳ್ಳಲು ಕಾರಣ ಒದಗಿಸುತ್ತದೆ, ಹೇಳಿಕೊಡುವವರು ಹೊರಗೂ ಕಲಿಯಲು ಕಾರಣವಿರುವವರು ಒಳಗೂ ಇದ್ದಲ್ಲಿ ಮಾತ್ರ ಕಲಿಸುತ್ತದೆ.